ಎಂಟು ರಾತ್ರಿಗಳ ಎಣ್ಣೆ: ಹನುಕ್ಕಾ ತಿನಿಸು, ಮನೆತನ, ಯಹೂದಿತನ



ನೂರು ಜನಕ್ಕೆ ಬಡಿಸಿ ಕೊನೆಗೆ ತಾನು ಉಣ್ಣುತ್ತಿದ್ದ ತಾಯಿಯೊಬ್ಬರ ನೆನಪಿಗೆ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಅಡುಗೆಮನೆಯ ಬಾಗಿಲಿನಿಂದ ಒಳಹೊಕ್ಕು ಯಾವುದಾದರೂ ಒಂದು ಸಮುದಾಯದ ಚರಿತ್ರೆಯನ್ನು ನೋಡಬೇಕು ಎಂಬುದು ಅವರ ಅಪೇಕ್ಷೆ. ನಾನು ಆರಿಸಿಕೊಂಡದ್ದು ಯಹೂದಿಗಳ ಹನುಕ್ಕಾ ಹಬ್ಬವನ್ನು. ಎಂಟು ರಾತ್ರಿ ದೀಪ ಹಚ್ಚಿ, ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುವ ಹಬ್ಬ ಅದು.

ಎರಡು ಸಾವಿರ ವರ್ಷ ಹತ್ತಾರು ದೇಶಗಳಲ್ಲಿ ಚದುರಿ ಬದುಕಿದ ಈ ಜನ ತಮ್ಮತನವನ್ನು ಹೇಗೆ ಉಳಿಸಿಕೊಂಡರು ಎಂದು ಕೇಳಿದರೆ, ತಮ್ಮ ಊಟವನ್ನು ಬಿಡಲಿಲ್ಲ, ಅದಕ್ಕೇ ಉಳಿದರು ಎಂದು ಹೇಳುವವರಿದ್ದಾರೆ. ಹನುಕ್ಕಾದ ಬಾಣಲೆಯನ್ನು ಹತ್ತಿರದಿಂದ ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಆ ಬಾಣಲೆಯಲ್ಲಿ ಬೆಂದದ್ದೆಲ್ಲ ನೆರೆಮನೆಯ ತಿನಿಸು. ಅವರದೇ ಆಗಿದ್ದುದು ಅದನ್ನು ಯಾವ ದಿನ ಕರಿಯಬೇಕು, ಯಾವುದರ ಜೊತೆ ತಿನ್ನಬಾರದು, ಯಾವ ದಿನ ಕೆಲಸ ನಿಲ್ಲಿಸಬೇಕು ಎಂಬ ಲೆಕ್ಕ. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು ಹಬ್ಬದ ಕಥೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಸಿರಿಯಾದಿಂದ ಆಳುತ್ತಿದ್ದ ಗ್ರೀಕ್ ಅರಸ ನಾಲ್ಕನೆಯ ಆಂಟಿಯೋಕಸ್, ಯಹೂದಿಗಳು ಶನಿವಾರದ ಬಿಡುವಿನ ದಿನವಾದ ಸಬ್ಬತ್ತನ್ನು ಆಚರಿಸಬಾರದು, ಗಂಡುಮಕ್ಕಳಿಗೆ ಸುನ್ನತಿ ಮಾಡಿಸಬಾರದು ಎಂದು ಆಜ್ಞೆ ಹೊರಡಿಸಿದ. ಜೆರುಸಲೇಮಿನ ದೇವಾಲಯದಲ್ಲಿ ಅನ್ಯದೇವರ ಬಲಿಪೀಠ ಎದ್ದಿತು. ಮೋದಿಯಿನ್ ಎಂಬ ಊರಿನ ಪುರೋಹಿತ ಮತ್ತಥಿಯಾಸ್ ಮತ್ತು ಅವನ ಐವರು ಮಕ್ಕಳು ಬಂಡೆದ್ದರು. ಮಕ್ಕಳಲ್ಲಿ ಒಬ್ಬನಾದ ಯೂದ ಮಕ್ಕಾಬಿ ದೇವಾಲಯವನ್ನು ಗೆದ್ದು, ಕ್ರಿ.ಪೂ. 164ರಲ್ಲಿ ಕಿಸ್ಲೇವ್ ಮಾಸದ 25ರಂದು ಶುದ್ಧಿ ಮಾಡಿ ಮತ್ತೆ ಪೂಜೆಗೆ ತೆರೆದ. ಹನುಕ್ಕಾ ಎಂಬ ಹೀಬ್ರೂ ಮಾತಿಗೆ ಸಮರ್ಪಣೆ ಎಂದು ಅರ್ಥ. ನಾವು ಪುನಃಪ್ರತಿಷ್ಠೆ ಎನ್ನುತ್ತೇವಲ್ಲ, ಅದೇ.

ಇದರಲ್ಲಿ ಎಣ್ಣೆ ಎಲ್ಲಿದೆ? ಮಕ್ಕಾಬಿಗಳ ಚರಿತ್ರೆ ಹೇಳುವ ಎರಡು ಹಳೆಯ ಗ್ರಂಥಗಳಲ್ಲಿ ಎಣ್ಣೆಯ ಪವಾಡ ಇಲ್ಲವೇ ಇಲ್ಲ. ಗುಡ್ಡಗವಿಗಳಲ್ಲಿ ಅಡಗಿದ್ದಾಗ ಎಂಟು ದಿನದ ಸುಕ್ಕೋತ್ ಹಬ್ಬ ತಪ್ಪಿಹೋಗಿತ್ತು, ಅದಕ್ಕೆ ಎಂಟು ದಿನ ಸಂಭ್ರಮಿಸಿದರು ಎಂದು ಎರಡನೆಯ ಗ್ರಂಥ ಹೇಳುತ್ತದೆ. ದೇವಾಲಯದಲ್ಲಿ ಮುದ್ರೆ ಒಡೆಯದ ಒಂದೇ ಒಂದು ಎಣ್ಣೆಯ ಕುಡಿಕೆ ಸಿಕ್ಕಿತು, ಒಂದು ದಿನಕ್ಕೆ ಆಗುವಷ್ಟಿದ್ದ ಆ ಎಣ್ಣೆ ಎಂಟು ದಿನ ಉರಿಯಿತು ಎಂಬ ಕಥೆ ಕಾಣಿಸುವುದು ಶತಮಾನಗಳ ನಂತರ ರೂಪುಗೊಂಡ ತಾಲ್ಮುದ್ ಎಂಬ ಯಹೂದಿ ಶಾಸ್ತ್ರಗ್ರಂಥದಲ್ಲಿ. ಆ ಹೊತ್ತಿಗೆ ಮಕ್ಕಾಬಿಗಳ ವಂಶದ ಗತಿ ಏನಾಗಿತ್ತು ಎಂದು ಎಲ್ಲರಿಗೂ ತಿಳಿದಿತ್ತು. ಅರಸರಾದ ಅವರ ವಂಶಸ್ಥರು ಅಣ್ಣತಮ್ಮಂದಿರ ಸಿಂಹಾಸನದ ಜಗಳದಲ್ಲಿ ರೋಮಿನವರನ್ನು ಪಂಚಾಯಿತಿಗೆ ಕರೆದರು, ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಜೆರುಸಲೇಮಿನೊಳಕ್ಕೆ ಬಂದ. ಕತ್ತಿಯ ಗೆಲುವು ಎಷ್ಟು ದಿನ ಬಾಳುತ್ತದೆಂದು ಕಂಡಿದ್ದ ಧರ್ಮಗುರುಗಳು ಹಬ್ಬದ ಕೇಂದ್ರಕ್ಕೆ ಎಣ್ಣೆಯ ಕುಡಿಕೆಯನ್ನು ತಂದಿಟ್ಟರು. ಜಗತ್ತಿನ ಹಬ್ಬಗಳ ಚರಿತ್ರೆಯಲ್ಲಿ ಇಷ್ಟು ವಿವೇಕದ ತೀರ್ಮಾನಗಳು ಬಹಳ ಇಲ್ಲ ಎಂದು ನನ್ನ ಭಾವನೆ. ಯುದ್ಧವನ್ನು ನೆನೆಯುವುದಕ್ಕೆ ಸೈನ್ಯ ಬೇಕು. ಎಣ್ಣೆಯನ್ನು ನೆನೆಯುವುದಕ್ಕೆ ಒಂದು ಮನೆ ಇದ್ದರೆ ಸಾಕು.

ಈ ಎಂಟು ದಿನಗಳ ನಡುವೆ ಅಮಾವಾಸ್ಯೆ ಬರುತ್ತದೆ, ನಮ್ಮ ದೀಪಾವಳಿಯ ಹಾಗೆಯೇ. ಹೆಚ್ಚಾಗಿ ಡಿಸೆಂಬರಿನಲ್ಲಿ, ಇರುಳು ಬಲು ಉದ್ದವಾಗಿರುವಾಗ. ದೀಪಗಳನ್ನು ಹೇಗೆ ಹಚ್ಚಬೇಕೆಂಬುದರ ಬಗ್ಗೆ ತಾಲ್ಮುದಿನಲ್ಲಿ ಒಂದು ವಾದ ಇದೆ. ಶಮ್ಮಾಯ್ ಪಂಥದವರು ಮೊದಲ ದಿನ ಎಂಟು ಹಚ್ಚಿ ದಿನಕ್ಕೊಂದು ಇಳಿಸುತ್ತ ಬರಬೇಕು ಎಂದರು. ಹಿಲ್ಲೆಲ್ ಪಂಥದವರು ಒಂದರಿಂದ ಆರಂಭಿಸಿ ದಿನಕ್ಕೊಂದು ಏರಿಸಬೇಕು ಎಂದರು. ಉಳಿದದ್ದು ಹಿಲ್ಲೆಲ್ ಪಂಥದ ಮಾತು. ಈ ಬೆಳಕಿನಲ್ಲಿ ಓದಬಾರದು, ಹೊಲಿಯಬಾರದು, ಕಾಸು ಎಣಿಸಬಾರದು, ಸುಮ್ಮನೆ ನೋಡಬೇಕು. ಕೆಲಸಕ್ಕೆಂದೇ ಶಮಾಶ್, ಅಂದರೆ ಸೇವಕ, ಎಂಬ ಒಂಬತ್ತನೆಯ ದೀಪ ಇರುತ್ತದೆ. ಹಣತೆ ಉರಿಯುವಷ್ಟು ಹೊತ್ತು ಹೆಂಗಸರು ಮನೆಗೆಲಸ ಮುಟ್ಟಬಾರದು ಎಂಬ ಪದ್ಧತಿಯೂ ಇದೆ. ಇದು ಯಾರಿಗೂ ಭಾರವೆನಿಸದ ಕಟ್ಟಳೆ.

ಇನ್ನು ಬಾಣಲೆಗೆ ಬರೋಣ. ಅಮೆರಿಕದ ಯಹೂದಿ ಮನೆಗಳಲ್ಲಿ ಹನುಕ್ಕಾ ಎಂದರೆ ಲಾಟ್ಕೆ. ಆಲೂಗಡ್ಡೆ ಮತ್ತು ಈರುಳ್ಳಿಯನ್ನು ತುರಿದು, ಬಟ್ಟೆಯಲ್ಲಿ ನೀರು ಹಿಂಡಿ, ಆ ನೀರಿನ ತಳದಲ್ಲಿ ಕೂತ ಬಿಳಿ ಗಸಿಯನ್ನು ಮತ್ತೆ ತುರಿಗೇ ಸೇರಿಸಿ, ಮೊಟ್ಟೆ, ಒಂದಿಷ್ಟು ಹಿಟ್ಟು ಹಾಕಿ ತಟ್ಟಿ ಕರಿಯುವುದು. ಅಜ್ಜಿಯ ಕಾಲದಿಂದ ಬಂದ ತಿನಿಸು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಲೂಗಡ್ಡೆ ಅಮೆರಿಕ ಖಂಡದ ಬೆಳೆ. ಪೂರ್ವ ಯುರೋಪಿನ ಬಡವರ ಹೊಲಗಳಲ್ಲಿ ಅದು ಹೇರಳವಾದದ್ದು 19ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಅಲ್ಲಿ ಬಕ್‌ವೀಟ್ ಎಂಬ ಕಪ್ಪು ಧಾನ್ಯದ ಹಿಟ್ಟಿನ ದೋಸೆ, ಅದಕ್ಕೂ ಹಿಂದೆ ಇಟಲಿಯ ಕಡೆ ಗಿಣ್ಣಿನಂಥ ಹಸಿ ಚೀಸಿನ ದೋಸೆ. ಚೀಸಿಗೂ ಒಂದು ಕಥೆ ಇತ್ತು: ಯೂದಿತ್ ಎಂಬ ವಿಧವೆ ಶತ್ರು ಸೇನಾಪತಿಗೆ ಉಪ್ಪಿನ ಚೀಸು ತಿನ್ನಿಸಿ, ಬಾಯಾರಿಸಿ, ಮದ್ಯ ಕುಡಿಸಿ, ಮಲಗಿದ ಮೇಲೆ ತಲೆ ಕಡಿದಳು ಎಂದು.

ಯಾವುದರಲ್ಲಿ ಕರಿಯಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಯಹೂದಿ ಅಡುಗೆಯ ಜೀವ ಇಲ್ಲಿದೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಧರ್ಮಗ್ರಂಥದ ಮಾತಿನಿಂದ ಹೊರಟು, ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಕೂಡಬಾರದು ಎಂಬ ಕೋಷರ್ ನಿಯಮ ಬೆಳೆಯಿತು. ಎರಡಕ್ಕೂ ಬೇರೆ ಬೇರೆ ಪಾತ್ರೆ. ಚಳಿಯ ಪೋಲೆಂಡಿನಲ್ಲಿ, ಲಿಥುವೇನಿಯದಲ್ಲಿ ಆಲಿವ್ ಎಣ್ಣೆ ಎಲ್ಲಿಂದ ಬರಬೇಕು? ಹೆಬ್ಬಾತುಗಳನ್ನು ಕೊಬ್ಬಿಸಿ, ಕೊಯ್ದು, ಅದರ ಕೊಬ್ಬನ್ನು ಕರಗಿಸಿ ಇಟ್ಟುಕೊಳ್ಳುತ್ತಿದ್ದರು. ಆ ಕೊಬ್ಬು ಮಾಂಸದ ಲೆಕ್ಕ. ಅದರಲ್ಲಿ ಕರಿದ ಲಾಟ್ಕೆಯ ಜೊತೆ ಹುಳಿ ಕೆನೆ ಸಲ್ಲದು, ಸೇಬನ್ನು ಬೇಯಿಸಿ ಮಸೆದ ಗೊಜ್ಜು ಬೇಕು. ಬೆಣ್ಣೆಯಲ್ಲೋ ಎಣ್ಣೆಯಲ್ಲೋ ಕರಿದದ್ದಾದರೆ ಕೆನೆ ಆಗುತ್ತದೆ. ಸೇಬೋ ಕೆನೆಯೋ ಎಂದು ಇಂದಿಗೂ ಮನೆಮನೆಗಳಲ್ಲಿ ನಡೆಯುವ ವಾದಕ್ಕೆ ಮೂಲ ಇದು. ನಾಲಗೆಯ ರುಚಿಯ ಜಗಳದಂತೆ ಕಾಣುವುದರ ಕೆಳಗೆ ಒಂದು ಶಾಸ್ತ್ರ ಇದೆ, ಅದರ ಕೆಳಗೆ ಒಂದು ನಾಡಿನ ಹವೆ ಇದೆ.

ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಎಷ್ಟು ಹೊತ್ತು ಕಾಯಬೇಕು? ಪೂರ್ವ ಯುರೋಪಿನ ಮೂಲದವರು ಆರು ಗಂಟೆ, ಜರ್ಮನಿಯವರು ಮೂರು, ಹಾಲೆಂಡಿನವರು ಒಂದು. ಒಂದೇ ಧರ್ಮ, ಮೂರು ಗಡಿಯಾರ. ಮದುವೆಯಾಗಿ ಬಂದ ಸೊಸೆ ಗಂಡನ ಮನೆಯ ಗಡಿಯಾರವನ್ನು ಹಿಡಿಯುವುದು ರೂಢಿ. ಮನೆತನದ ಪದ್ಧತಿಗೆ ಅವರಲ್ಲಿ ಮಿನ್ಹಾಗ್ ಎನ್ನುತ್ತಾರೆ, ಅದಕ್ಕೆ ಶಾಸ್ತ್ರದಷ್ಟೇ ತೂಕ. ‘ನಮ್ಮ ಮನೆಯಲ್ಲಿ ಹೀಗೆ’ ಎಂಬ ಮಾತಿನ ಬಲ ನಮಗೂ ಗೊತ್ತಿರುವುದೇ.

1911ರಲ್ಲಿ ಅಮೆರಿಕದಲ್ಲಿ ಕ್ರಿಸ್ಕೋ ಎಂಬ ಗಟ್ಟಿ ಸಸ್ಯಕೊಬ್ಬು ಮಾರುಕಟ್ಟೆಗೆ ಬಂತು. ನಮ್ಮ ಡಾಲ್ಡಾ ಜಾತಿಯದು. ಅದು ಹಾಲೂ ಅಲ್ಲ, ಮಾಂಸವೂ ಅಲ್ಲ. ಯಹೂದಿ ಗೃಹಿಣಿಯರಿಗೆ ಎರಡು ಕಡೆಯ ಅಡುಗೆಗೂ ಒದಗಿತು. 1933ರಲ್ಲಿ ಕಂಪನಿ ಅವರ ಯಿಡ್ಡಿಷ್ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ ಪಾಕಪುಸ್ತಕವನ್ನೇ ಹೊರತಂದಿತು. ಅತ್ತ ಪ್ಯಾಲೆಸ್ತೀನಿನಲ್ಲಿ 1920ರ ದಶಕದಲ್ಲಿ ಹಿಸ್ತದ್ರುತ್ ಎಂಬ ಕಾರ್ಮಿಕ ಒಕ್ಕೂಟ ಜಾಮು ತುಂಬಿದ, ಕರಿದ ಬನ್ನಿನಂಥ ಸುಫ್ಗನಿಯಾವನ್ನು ಹಬ್ಬದ ತಿನಿಸಾಗಿ ಬೆಳೆಸಿತು. ಲಾಟ್ಕೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳಬಹುದು. ಸುಫ್ಗನಿಯಾಕ್ಕೆ ಬೇಕರಿ ಬೇಕು, ಬೇಕರಿಯಲ್ಲಿ ಕೈಗಳಿಗೆ ಕೆಲಸ ಸಿಗುತ್ತದೆ. ಆ ಸುಫ್ಗನಿಯಾ ಜರ್ಮನಿಯ ಬರ್ಲಿನರ್ ಎಂಬ ತಿನಿಸೇ.

ಬಾಗ್ದಾದ್ ಮೂಲದ ಯಹೂದಿಗಳು ಈ ಹಬ್ಬಕ್ಕೆ ಜಂಗೂಲಾ ಮಾಡುತ್ತಾರೆ. ಹುದುಗಿಸಿದ ಹಿಟ್ಟನ್ನು ಕಾದ ಎಣ್ಣೆಗೆ ಸುರುಳಿ ಬಿಟ್ಟು, ಸಕ್ಕರೆ ಪಾಕದಲ್ಲಿ ಅದ್ದುವುದು. ಕೇಳುತ್ತಲೇ ನಿಮಗೆ ಗೊತ್ತಾಗಿರಬೇಕು, ಅದು ಜಿಲೇಬಿಯ ಸೋದರ. ಎರಡರ ಹೆಸರೂ ಅರಬ್ಬರ ಜಲಾಬಿಯಾದ ಬಳಗಕ್ಕೆ ಸೇರಿದ್ದು. ಕೊಚ್ಚಿಯ ಯಹೂದಿಗಳು ನೆಯ್ಯಪ್ಪ ಮಾಡುತ್ತಿದ್ದರು. ನಾನು ಕರಾವಳಿಯಲ್ಲಿ ಬೆಳೆದವಳು. ಗುಳಿ ಕಾವಲಿಯಲ್ಲಿ ತುಪ್ಪ ಎರೆದು ಗಣಪತಿಗೆ ಅಪ್ಪ ಮಾಡುವ ದಿನ ಬೀದಿಯ ತುದಿಗೇ ಪರಿಮಳ ಬರುತ್ತಿತ್ತು. ಅದೇ ಅಪ್ಪ ಇನ್ನೂ ಸ್ವಲ್ಪ ತೆಂಕಣದ ಒಂದು ಬೀದಿಯಲ್ಲಿ ಜೆರುಸಲೇಮಿನ ದೀಪದ ಪಕ್ಕದಲ್ಲಿತ್ತು ಎಂದು ಓದಿದ ದಿನವೇ ಈ ಉಪನ್ಯಾಸದ ಬೀಜ ಬಿದ್ದದ್ದು.

ತಿನಿಸು ನೆರೆಯವರದೇ ಆದರೂ ಎಣ್ಣೆಯ ವಾಸನೆ ಪ್ರಾಣಕ್ಕೆ ಎರವಾದ ಕಾಲವೂ ಇತ್ತು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಹಾಕಿತು. ಮತಾಂತರಗೊಂಡು ಉಳಿದವರ ಮೇಲೆ ಇನ್‌ಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾಮಂಡಲಿ ಕಣ್ಣಿಟ್ಟಿತು. ಆ ಕಾಲದ ಪಾದ್ರಿ ಮತ್ತು ಚರಿತ್ರಕಾರ ಆಂದ್ರೆಸ್ ಬೆರ್ನಾಲ್ದೆಸ್, ಇವರು ಹಂದಿಯ ಕೊಬ್ಬು ಬಿಟ್ಟು ಎಣ್ಣೆಯಲ್ಲಿ ಮಾಂಸ ಬೇಯಿಸುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಹಾಕುತ್ತಾರೆ, ಅವರ ಮನೆಗಳೇ ನಾರುತ್ತವೆ ಎಂದು ಹೇಸಿಗೆಯಿಂದ ಬರೆದಿಟ್ಟ. ಇಂಥ ಗುರುತುಗಳನ್ನು ಹಿಡಿದೇ ಜನರನ್ನು ಹಿಡಿಯುತ್ತಿದ್ದರು. ಈ ವಿಚಾರಣೆ ನಮ್ಮ ಗಡಿಯ ಹತ್ತಿರಕ್ಕೂ ಬಂತು. ಗೋವೆಯಲ್ಲಿ ಅದು ಶುರುವಾದದ್ದು 1560ರಲ್ಲಿ. ನಮ್ಮ ನಾಡಿನ ಗಿಡಮೂಲಿಕೆ ಮಸಾಲೆಗಳ ಬಗ್ಗೆ 1563ರಲ್ಲಿ ಗೋವೆಯಲ್ಲಿ ಮಹತ್ವದ ಪುಸ್ತಕ ಅಚ್ಚು ಮಾಡಿಸಿದ ವೈದ್ಯ ಗಾರ್ಸಿಯಾ ದ ಓರ್ಟಾ ಹುಟ್ಟಿನಿಂದ ಇಂಥ ಮತಾಂತರಿತ ಯಹೂದಿ ಮನೆತನದವನು. 1568ರಲ್ಲಿ ಅವನು ತೀರಿಕೊಂಡ. ಮರುವರ್ಷ ಅವನ ತಂಗಿ ಕತಾರಿನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು ಗೋವೆಯಲ್ಲಿ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು.

ಅದೇ ಪಡುಗಡಲ ತೀರದಲ್ಲಿ, ಗೋವೆಗೆ ಬಡಗಣಕ್ಕೆ, ಅಲಿಬಾಗಿನ ಸುತ್ತ ಇನ್ನೊಂದು ಯಹೂದಿ ಸಮುದಾಯ ಯಾರ ಕಿರುಕುಳವೂ ಇಲ್ಲದೆ ಬದುಕಿತ್ತು. ಬೆನೆ ಇಸ್ರೇಲ್ ಎಂದು ಅವರ ಹೆಸರು. ನವಗಾಂವ್ ಬಳಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ಅವರಿಂದ ತಮ್ಮ ಕುಲ ಬೆಳೆಯಿತು ಎಂಬುದು ಅವರ ಕಥೆ. ಧರ್ಮಗ್ರಂಥಗಳೆಲ್ಲ ಕಡಲ ಪಾಲಾದವು. ಹೀಬ್ರೂ ಮರೆತುಹೋಯಿತು, ನೆನಪಿನಲ್ಲಿ ನಿಂತದ್ದು ದೇವರು ಒಬ್ಬನೇ ಎಂದು ಸಾರುವ ಶೆಮಾ ಎಂಬ ಪ್ರಾರ್ಥನೆ. ಹುಟ್ಟಿಗೂ ಮದುವೆಗೂ ಸಾವಿಗೂ ಅದನ್ನೇ ಹೇಳಿಕೊಂಡರು. ಮರಾಠಿ ಮಾತಿನವರಾದರು, ಊರಿನ ಹೆಸರಿಗೆ ಕರ್ ಸೇರಿಸಿ ಪೇಣ್‌ಕರ್, ರೋಹೇಕರ್, ದಿವೇಕರ್ ಆದರು. ಕಸುಬು ಎಣ್ಣೆ ತೆಗೆಯುವುದು. ಶನಿವಾರ ಮಾತ್ರ ಗಾಣದ ಎತ್ತನ್ನು ಬಿಚ್ಚಿಬಿಡುತ್ತಿದ್ದರು. ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದರು, ಶನಿವಾರ ಕೆಲಸ ಮಾಡದ ಗಾಣಿಗರು ಎಂದು.

ಈ ಗಾಣಿಗರಿಗೆ ಹನುಕ್ಕಾ ಗೊತ್ತಿರಲಿಲ್ಲ.

ಬೇರೆ ಹಬ್ಬಗಳಿಗೆ ಅವರಲ್ಲಿ ಮರಾಠಿ ಹೆಸರುಗಳಿದ್ದವು. ಹೊಸ ವರ್ಷಕ್ಕೆ ನವ್ಯಾಚಾ ಸಣ. ಉಪವಾಸದ ಯೋಮ್ ಕಿಪ್ಪುರಕ್ಕೆ ಬಾಗಿಲು ಮುಚ್ಚುವ ಹಬ್ಬ ಎಂಬರ್ಥದ ಹೆಸರು, ಏಕೆಂದರೆ ಆ ದಿನ ಯಾರೂ ಹೊರಗೆ ಬರುತ್ತಿರಲಿಲ್ಲ. ಪುರಿಮ್ ಎಂಬುದು ಹೋಳೀಚಾ ಸಣ ಆಗಿತ್ತು. ಖೀರಿನ ಹೆಸರಿನ ಹಬ್ಬವೂ ಒಂದಿತ್ತು. ಹನುಕ್ಕಾಕ್ಕೆ ಹೆಸರೇ ಇಲ್ಲ. ಆ ಸಮುದಾಯದವರೇ ಆದ ಹಾಯೀಮ್ ಸಾಮ್ಯುಯೆಲ್ ಕೆಹಿಮ್‌ಕರ್ 1897ರಲ್ಲಿ ತಮ್ಮವರ ಚರಿತ್ರೆ ಬರೆದು ಮುಗಿಸಿದರು. ಅದು ಅಚ್ಚಾದದ್ದು 1937ರಲ್ಲಿ. ತಮ್ಮ ಪೂರ್ವಜರು ಮಕ್ಕಾಬಿಗಳ ಗೆಲುವಿಗೆ ಮೊದಲೇ, ಆಂಟಿಯೋಕಸನ ಕಾಲದಲ್ಲೇ, ನಾಡು ಬಿಟ್ಟಿದ್ದರು ಎಂಬುದು ಅವರ ವಾದ. ಹಬ್ಬ ಹುಟ್ಟುವ ಮೊದಲೇ ಹೊರಟವರಿಗೆ ಹಬ್ಬ ಹೇಗೆ ಗೊತ್ತಿರಬೇಕು? ಈ ವಾದವನ್ನು ಇತಿಹಾಸಕಾರರು ಒಪ್ಪಲಿ ಬಿಡಲಿ, ಅದರ ಅಂದ ನನ್ನನ್ನು ಬಿಟ್ಟಿಲ್ಲ. ತಲೆಮಾರುಗಳ ಕಾಲ ಎಣ್ಣೆ ತೆಗೆದೇ ಬದುಕಿದವರಿಗೆ ಎಣ್ಣೆಯ ಹಬ್ಬ ಇರಲಿಲ್ಲ. ಆದರೂ ಅವರು ಯಹೂದಿಗಳಾಗಿಯೇ ಉಳಿದರು. ಉಳಿಸಿದ್ದು ಶನಿವಾರ. ಗಾಣ ನಿಂತ ಆ ಒಂದು ದಿನ.

ಹನುಕ್ಕಾವನ್ನು ಅವರು ಕಲಿತದ್ದು ತಡವಾಗಿ, ಕೊಚ್ಚಿಯ ಯಹೂದಿಗಳ ಒಡನಾಟದಲ್ಲಿ. ಬೆನೆ ಇಸ್ರೇಲರ ಕಥೆಯಲ್ಲಿ ನಮ್ಮ ಶ್ರೀರಂಗಪಟ್ಟಣವೂ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಾಮ್ಯುಯೆಲ್ ದಿವೇಕರ್ ಟಿಪ್ಪುವಿನ ಸೆರೆಯಾಗಿದ್ದರು. ತಾನು ಬೆನೆ ಇಸ್ರೇಲ್ ಎಂದು ಅವರು ಹೇಳಿದಾಗ, ಕುರಾನಿನಲ್ಲಿ ಬರುವ ಆ ಹೆಸರನ್ನು ಕೇಳಿದ ಟಿಪ್ಪುವಿನ ತಾಯಿ ಜೀವದಾನ ಕೊಡಿಸಿದರು ಎಂದು ಸಮುದಾಯದವರು ಇಂದಿಗೂ ಹೇಳುತ್ತಾರೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಬೆನೆ ಇಸ್ರೇಲರ ಮೊದಲ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್, ಕಟ್ಟಿಸಿದರು. ಕರುಣೆಯ ಬಾಗಿಲು ಎಂದು ಅದರ ಹೆಸರು.

ಅವರ ಊಟದಲ್ಲಿ ಏನಿತ್ತು? ಮೊಸರು ತುಪ್ಪ ಮಾಂಸಕ್ಕೆ ಸಲ್ಲದ್ದರಿಂದ ಮಾಂಸದ ಸಾರಿಗೆ ತೆಂಗಿನ ಹಾಲು. ಹರಕೆ ತೀರಿಸುವಾಗ, ಮದುವೆಗೆ ಮುನ್ನ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲಿದಾ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಒಣಹಣ್ಣು ಕಲಸಿ, ಸುತ್ತ ಹಣ್ಣು ಜೋಡಿಸಿದ ತಟ್ಟೆ. ನಮ್ಮ ಉತ್ತರ ಕರ್ನಾಟಕದ ದರ್ಗಾಗಳಲ್ಲಿ ಗೋದಿಯಿಂದ ಮಾಡಿ ಹಂಚುವ ಮಲಿದಾದ ಹೆಸರೂ ಅದೇ. ಜಗತ್ತಿನ ಬೇರೆ ಯಾವ ಯಹೂದಿಗಳಲ್ಲೂ ಈ ಮಲಿದಾ ಇಲ್ಲ. ಇಸ್ರೇಲಿಗೆ ವಲಸೆ ಹೋದ ಮೇಲೆ, ಇವರು ನಿಜವಾದ ಯಹೂದಿಗಳೇ ಎಂದು ಅಲ್ಲಿನ ಪ್ರಧಾನ ಧರ್ಮಪೀಠ ಸಂದೇಹ ಎತ್ತಿತು. ಮದುವೆಗೆ ವಂಶಾವಳಿಯ ತನಿಖೆ ಬೇಕೆಂದಿತು. ಬೆನೆ ಇಸ್ರೇಲರು ಬೀದಿಗಿಳಿದು ಹೋರಾಡಿದರು. 1964ರಲ್ಲಿ ಅವರು ಎಲ್ಲ ರೀತಿಯಿಂದಲೂ ಯಹೂದಿಗಳೆಂದು ಒಪ್ಪಿಗೆಯಾಯಿತು. ಗ್ರಂಥ ಇಲ್ಲದೆ, ಗುರು ಇಲ್ಲದೆ ಶನಿವಾರವನ್ನು ಕಾಪಾಡಿಕೊಂಡು ಬಂದವರನ್ನು ಪರೀಕ್ಷೆಗೆ ನಿಲ್ಲಿಸಿದ್ದು ಅನ್ಯಾಯ ಎಂದು ನಾನು ಈ ವೇದಿಕೆಯಿಂದ ಹೇಳುತ್ತೇನೆ.

ಹನುಕ್ಕಾ ದೀಪವನ್ನು ಬಾಗಿಲಲ್ಲೋ ಕಿಟಕಿಯಲ್ಲೋ ಇಡಬೇಕು, ದಾರಿಹೋಕರಿಗೆ ಕಾಣಬೇಕು ಎಂಬುದು ನಿಯಮ. ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೆ ಸಾಕು ಎಂದು ತಾಲ್ಮುದ್ ವಿನಾಯಿತಿ ಕೊಟ್ಟಿದೆ. 1931ರ ಹನುಕ್ಕಾದಲ್ಲಿ ಜರ್ಮನಿಯ ಕೀಲ್ ನಗರದ ಧರ್ಮಗುರು ಅಕಿವಾ ಪೋಸ್ನರ್ ಅವರ ಪತ್ನಿ ರಾಖೇಲ್ ಈ ವಿನಾಯಿತಿಯನ್ನು ಬಳಸಿಕೊಳ್ಳಲಿಲ್ಲ. ಎದುರು ಕಟ್ಟಡದಲ್ಲಿ ನಾಜಿಗಳ ಬಾವುಟ ತೂಗುತ್ತಿತ್ತು. ಆಕೆ ದೀಪದ ಕಂಬವನ್ನು ಕಿಟಕಿಯಲ್ಲೇ ಇಟ್ಟು ಛಾಯಾಚಿತ್ರ ತೆಗೆದರು. ಮುಂದೆ ದೀಪ, ಹಿಂದೆ ಬಾವುಟ. 1933ರಲ್ಲಿ ಕುಟುಂಬ ಜರ್ಮನಿ ಬಿಟ್ಟಿತು. ಆ ಕಂಬ ಈಗ ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕದ ಸಂಗ್ರಹದಲ್ಲಿದೆ. ಹನುಕ್ಕಾ ಬಂದಾಗ ಮನೆಯವರು ಅದನ್ನು ಮನೆಗೆ ತಂದು ಹಚ್ಚುತ್ತಾರೆ.

ಬಿಟ್ಟು ಹೋಗಲಾಗದವರ ಕಥೆ ಬೇರೆ. ಜೆಕ್ ನಾಡಿನಲ್ಲಿ ನಾಜಿಗಳು ನಡೆಸಿದ ತೆರೆಜಿನ್ ಬಂದಿಶಿಬಿರದಲ್ಲಿ ಹಸಿದ ಹೆಂಗಸರು ಸಿಕ್ಕ ಕಾಗದದ ಮೇಲೆ ತಮ್ಮ ಮನೆಯ ಅಡುಗೆಗಳನ್ನು ನೆನೆದು ಬರೆದರು. ಕೆಲವು ವಿಧಾನಗಳಲ್ಲಿ ಸಾಮಗ್ರಿಯೇ ಬಿಟ್ಟುಹೋಗಿದೆ, ಹಸಿವಿನಲ್ಲಿ ನೆನಪು ಕೈಕೊಟ್ಟಿದೆ. ಮೀನಾ ಪೇಖ್ಟರ್ ಎಂಬಾಕೆ ಆ ಹಾಳೆಗಳನ್ನು ಮಗಳಿಗೆ ತಲುಪಿಸಿ ಎಂದು ಗೆಳೆಯರೊಬ್ಬರ ಕೈಗೆ ಕೊಟ್ಟು 1944ರ ಯೋಮ್ ಕಿಪ್ಪುರದ ದಿನ ಅಲ್ಲಿಯೇ ತೀರಿಕೊಂಡರು. ಕಟ್ಟು ಕೈಯಿಂದ ಕೈಗೆ ದಾಟಿ ನ್ಯೂಯಾರ್ಕಿನಲ್ಲಿದ್ದ ಮಗಳನ್ನು ಮುಟ್ಟಿದ್ದು 1969ರಲ್ಲಿ. ಪುಸ್ತಕವಾದದ್ದು 1996ರಲ್ಲಿ. ಅದರಲ್ಲಿರುವ ಕೇಕು, ಕಡುಬುಗಳು ಆ ದೇಶದ ಕ್ರೈಸ್ತರ ಮನೆಗಳಲ್ಲೂ ಬೇಯುತ್ತಿದ್ದವು. ತಮ್ಮನ್ನು ಹೊರಹಾಕಿದ ನಾಡಿನ ತಿನಿಸನ್ನೇ ಆ ತಾಯಂದಿರು ತಮ್ಮದೆಂದು ಬರೆದು ಮಕ್ಕಳಿಗೆ ಕಳಿಸಿದರು.

ಕೊನೆಗೆ ಒಂದು ಮನೆತನದ ಮಾತು. 12ನೆಯ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿ ಬಾಳಿದ ಮೈಮೋನ್ ಎಂಬ ಪಂಡಿತ, ಹನುಕ್ಕಾದಲ್ಲಿ ಹಿಟ್ಟು ಕರಿದು ತಿನ್ನುವ ಪದ್ಧತಿಯನ್ನು ಹಗುರವಾಗಿ ಕಾಣಬೇಡಿ ಎಂದು ಬರೆದ. ಮೊರೊಕ್ಕೊದವರು ಇಂದಿಗೂ ಅದನ್ನು ಸ್ಫೆಂಜ್ ಎನ್ನುತ್ತಾರೆ. ಅದೇ ಕಾಲದಲ್ಲಿ ಟುನೀಷಿಯಾದ ಮಹ್ದಿಯಾದಿಂದ ಬಂದ ವರ್ತಕ ಅಬ್ರಹಾಂ ಬೆನ್ ಯಿಜು ನಮ್ಮ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಮನೆ ಮಾಡಿದ್ದ. 1132ರಲ್ಲಿ ಅಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಆಕೆಯೇ ಎನ್ನುತ್ತಾರೆ ವಿದ್ವಾಂಸರು. ಏಡನ್ನಿನ ಗೆಳೆಯರು ಅವನಿಗೆ ಹಡಗಿನಲ್ಲಿ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳಿಸುತ್ತಿದ್ದರು. ಆ ಪತ್ರಗಳು ಕೈರೋದ ಸಿನಗಾಗಿನ ಕೋಣೆಯೊಂದರಲ್ಲಿ ಉಳಿದು ಬಂದವು. ಅಮಿತಾವ್ ಘೋಷ್ 1992ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದರು. ಮೈಮೋನನ ಕಿರಿಯ ಮಗ ದಾವೀದನೂ ಇದೇ ಕಡಲ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಹಿರಿಯ ಮಗ ಆ ದುಃಖದಲ್ಲಿ ಒಂದು ವರ್ಷದಷ್ಟು ಕಾಲ ಹಾಸಿಗೆ ಹಿಡಿದ. ಜಗತ್ತು ಮೈಮೊನಿದೀಸ್ ಎಂದು ಕರೆಯುವ ಮಹಾಪಂಡಿತ ಅವನೇ.

ತಂದೆ ಕರಿದ ತಿನಿಸಿನ ಬಗ್ಗೆ ಬರೆದ, ಮಗ ದೀಪದ ಬಗ್ಗೆ ಕಟ್ಟಳೆ ಬರೆದ. ಭಿಕ್ಷೆಯಿಂದ ಬದುಕುವವನೂ ಸಾಲ ಮಾಡಿಯೋ ಉಟ್ಟ ಬಟ್ಟೆ ಮಾರಿಯೋ ಹನುಕ್ಕಾಕ್ಕೆ ಎಣ್ಣೆ ತರಬೇಕು ಎಂದ. ಆಮೇಲೆ ಒಂದು ಪ್ರಶ್ನೆ ಎತ್ತಿಕೊಂಡ: ಕೈಯಲ್ಲಿ ಒಂದೇ ಕಾಸು ಇದ್ದು, ಹನುಕ್ಕಾ ದೀಪಕ್ಕೋ ಶುಕ್ರವಾರ ಸಂಜೆ ಮನೆಯಲ್ಲಿ ಹಚ್ಚುವ ಸಬ್ಬತ್ತಿನ ದೀಪಕ್ಕೋ ಎಂದು ಬಂದರೆ ಏನು ಮಾಡಬೇಕು? ಮನೆಯ ದೀಪಕ್ಕೇ ಎಣ್ಣೆ ತರಬೇಕು, ಮನೆಯ ನೆಮ್ಮದಿ ಮೊದಲು ಎಂದು ಅವನು ತೀರ್ಪು ಕೊಟ್ಟ.